ಮಗ್ಗ ನಿಂತಾಗ ಸಿಕ್ಕ ಅಳತೆ

ಬೆಳಗಾವಿಗೆ ಕಳಿಸಿದ್ದ ಪೆಟ್ಟಿಗೆ ತಿರಸ್ಕೃತ ಎಂಬ ಕೆಂಪು ಚೀಟಿ ಅಂಟಿಸಿಕೊಂಡು ವಾಪಸ್ ಬಂದಾಗ ನಾನು ಅಳತೆ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಹಿಂದಿನ ತಿಂಗಳೂ ಒಂದು ಪೆಟ್ಟಿಗೆ ಹೀಗೇ ಬಂದಿತ್ತು. ನಮ್ಮ ಮಾಲೀಕರು ಚೀಟಿ ಓದುವ ಗೋಜಿಗೆ ಹೋಗಲಿಲ್ಲ. ಸಿಎನ್‌ಸಿ ಲೇತಿನ ಮುಂದೆ ನಿಂತು ಅದರ ಅಂಕಿ ಹೊಂದಿಸುವ ಸೆಟ್ಟರನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ದಿನಾ ಬೈಯುವ ಮನುಷ್ಯ ಬೈಯದೆ ಹೋದರೆ ಹೆದರಿಕೆ ಜಾಸ್ತಿ.

ನಮ್ಮದು ಬನಹಟ್ಟಿಯ ನೇಕಾರರ ಓಣಿಯಲ್ಲಿರುವ ಸಣ್ಣ ವರ್ಕ್‌ಶಾಪು. ಒಂದು ಕಾಲಕ್ಕೆ ಇಡೀ ಕಟ್ಟಡವೇ ಮಗ್ಗದ ಶೆಡ್ಡು. ಅದರ ಒಡೆಯರಾಗಿದ್ದ ಅಣ್ಣ ತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತು. ಗೋಡೆಯಾಚೆ ಈಗಲೂ ವಿದ್ಯುತ್ ಮಗ್ಗಗಳು ಸೀರೆ ನೇಯುತ್ತವೆ. ಅವುಗಳ ಯಜಮಾನರನ್ನು ಓಣಿಯವರೆಲ್ಲ ಕಾಕಾ ಅನ್ನುತ್ತೇವೆ. ಈಚೆಯ ಅರ್ಧವನ್ನು ನಮ್ಮ ಮಾಲೀಕರು ಕೊಂಡು ಲೇತು ಹಾಕಿದರು. ನಾನು ಹುಟ್ಟಿದ್ದೂ ಇದೇ ಓಣಿಯಲ್ಲಿ. ಜಮಖಂಡಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವಳಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆಲಸ ಸಿಕ್ಕಿತು, ತಯಾರಾದ ಭಾಗಗಳ ಅಳತೆ ನೋಡುವ ಕೆಲಸ.

ಬೆಳಗಾವಿಯ ಕಂಪನಿಗೆ ನಾವು ಮಾಡಿಕೊಡುತ್ತಿದ್ದದ್ದು ಸ್ಪೂಲ್ ಎಂಬ ಬೆರಳುದ್ದದ ಉಕ್ಕಿನ ಕಡ್ಡಿ. ಮಣ್ಣು ಅಗೆಯುವ ಯಂತ್ರಗಳ ವಾಲ್ವಿನೊಳಗೆ ಅದು ಹಿಂದೆ ಮುಂದೆ ಸರಿದು ಎಣ್ಣೆಗೆ ದಾರಿ ಬಿಡುತ್ತದೆ, ದಾರಿ ಮುಚ್ಚುತ್ತದೆ. ಅದರ ಮೈಸುತ್ತ ಕೊರೆದ ಕಾಲುವೆಗಳಿರುತ್ತವೆ. ಒಂದು ಕಾಲುವೆಯ ಅಂಚಿನಿಂದ ಮತ್ತೊಂದರ ಅಂಚಿಗೆ ಇರುವ ದೂರವೇ ಅದರ ಜೀವಾಳ. ದೂರ ತಪ್ಪಿದರೆ ಎಣ್ಣೆ ಬೇಡದ ಹೊತ್ತಿನಲ್ಲಿ ಹರಿಯುತ್ತದೆ, ಎತ್ತಿದ ಬಕೆಟ್ಟು ತಾನಾಗಿ ಇಳಿಯುತ್ತದೆ. ನಮಗೆ ಕೊಟ್ಟ ಸಡಿಲು ಹತ್ತು ಮೈಕ್ರಾನ್ ಆಚೆ, ಹತ್ತು ಈಚೆ. ತಲೆಗೂದಲನ್ನು ಉದ್ದಕ್ಕೆ ಏಳು ಸೀಳು ಮಾಡಿದರೆ ಒಂದು ಸೀಳು ಹೆಚ್ಚೂ ಕಡಿಮೆ ಅಷ್ಟು ದಪ್ಪ ಬರುತ್ತದೆ. ಅಂಥ ಅಂಚನ್ನು ಕೈಯ ಮೈಕ್ರೋಮೀಟರ್ ಹಿಡಿಯುವುದಿಲ್ಲ. ಹಾಗಾಗಿ ಕಂಪನಿಯವರು ಕ್ಯಾಮೆರಾದಿಂದಲೇ ಅಳೆದು ಕಳಿಸಬೇಕೆಂದು ಕಟ್ಟುನಿಟ್ಟು ಮಾಡಿದರು, ಮಾಲೀಕರು ಎಲ್ಲಿಂದಲೋ ಒಂದು ಹಳೆಯ ಅಳತೆ ಯಂತ್ರ ಕೊಂಡು ತಂದರು.

ಯಂತ್ರ ನೋಡಲು ಸರಳ. ಗ್ರಾನೈಟ್ ಕಲ್ಲಿನ ಮೇಲೆ ಸರಿದಾಡುವ ಗಾಜಿನ ಮೇಜು, ಕೆಳಗಿನಿಂದ ಬೆಳಕು, ಮೇಲಿನಿಂದ ಕ್ಯಾಮೆರಾ. ಸ್ಪೂಲನ್ನು ಮಲಗಿಸಿದರೆ ಕಂಪ್ಯೂಟರ್ ಪರದೆಯ ಮೇಲೆ ಅದರ ಕಪ್ಪು ನೆರಳು ಬೀಳುತ್ತದೆ. ಕಪ್ಪು ಮುಗಿದು ಬಿಳುಪು ಶುರುವಾಗುವ ಗೆರೆಯೇ ಅಂಚು. ಎರಡು ಅಂಚುಗಳು ಒಂದೇ ಸಲಕ್ಕೆ ಪರದೆಯಲ್ಲಿ ಹಿಡಿಯುವುದಿಲ್ಲ. ಒಂದನ್ನು ಹಿಡಿದು, ಮೇಜು ಸರಿಸಿ, ಇನ್ನೊಂದನ್ನು ಹಿಡಿದರೆ ನಡುವಿನ ದೂರವನ್ನು ಯಂತ್ರವೇ ಹೇಳುತ್ತದೆ. ಪರದೆಯ ಮೇಲಿನ ನೆರಳು ಸಣ್ಣಗೆ ನಡುಗುತ್ತಿತ್ತು. ಕ್ಯಾಮೆರಾ ಅಂದರೆ ಹೀಗೇ ಇರಬೇಕು ಅಂದುಕೊಂಡೆ. ಬೇರೆ ಯಂತ್ರ ನೋಡಿದ್ದರೆ ತಾನೇ ಗೊತ್ತಾಗುವುದು?

ಅದನ್ನು ಕೂರಿಸಿದ್ದು ಒಂದು ಅಮಾವಾಸ್ಯೆಯ ದಿನ. ದಕ್ಷಿಣದವರು ಅಮಾವಾಸ್ಯೆ ಅಂದರೆ ಹಿಂದೆ ಸರಿಯುತ್ತಾರಂತೆ. ನಮ್ಮಲ್ಲಿ ಹೊಸ ಗಾಡಿ, ಹೊಸ ಯಂತ್ರ ಎಲ್ಲಕ್ಕೂ ಅದೇ ಒಳ್ಳೆಯ ದಿನ. ಓಣಿಯ ಮಗ್ಗಗಳಿಗೂ ಅವತ್ತು ಸೂಟಿ, ಪೂಜೆ. ಮಾಲೀಕರು ಕ್ಯಾಮೆರಾದ ಕಂಬಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದರು. ಗಾಜಿಗೆ ಹಚ್ಚಬೇಡಿರೆಂದು ನಾನು ಅಡ್ಡ ನಿಂತಿದ್ದೆ. ಬೆಂಗಳೂರಿನಿಂದ ಬಂದ ಸರ್ವಿಸ್ ಎಂಜಿನಿಯರ್ ಅಳತೆ ಗೆರೆಗಳಿರುವ ಗಾಜಿನ ಪಟ್ಟಿ ಇಟ್ಟು ಪರೀಕ್ಷೆ ಮಾಡಿ, ಯಂತ್ರ ಬಂಗಾರದಂತಿದೆ ಎಂದು ಸರ್ಟಿಫಿಕೇಟ್ ಕೊಟ್ಟು, ಹೋಳಿಗೆ ಉಂಡು ಹೋದ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು.

ಸೆಟ್ಟರ್ ಬಂದದ್ದೂ ಅದೇ ವಾರ. ಬೀಳಗಿಯವನು, ಪುಣೆಯಲ್ಲಿ ಕೆಲಸ ಕಲಿತವನು. ಹೆಂಡತಿ ಬಾಣಂತಿಯಾಗಿದ್ದಳು, ಊರಿಗೆ ಹತ್ತಿರ ಇರಬೇಕೆಂದು ಇಲ್ಲಿಗೆ ಬಂದಿದ್ದ. ವಾರವೆಲ್ಲ ಇಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಸಂಜೆ ಬೀಳಗಿ ಬಸ್ಸು. ಮಾತು ಕಡಿಮೆ. ಹೊಸ ಮನುಷ್ಯ, ಹೊಸ ಯಂತ್ರ ಎರಡೂ ಒಟ್ಟಿಗೆ ಬಂದ ಮೇಲೆ ಪೆಟ್ಟಿಗೆಗಳು ವಾಪಸಾಗತೊಡಗಿದವು. ಯಂತ್ರಕ್ಕೆ ಸರ್ಟಿಫಿಕೇಟ್ ಇತ್ತು, ಮನುಷ್ಯನಿಗೆ ಇರಲಿಲ್ಲ. ಅಂದಮೇಲೆ ಮಾಲೀಕರ ಬೆರಳು ಯಾರ ಕಡೆ ತಿರುಗಬೇಕೋ ಅವನ ಕಡೆಗೇ ತಿರುಗಿತು. ಅವನ ಕೈ ಕೆಟ್ಟಿದೆ, ಈ ಶನಿವಾರ ಕಳಿಸಿಬಿಡೋಣ ಎಂದು ಅವರು ನನಗೆ ಹೇಳಿದಾಗ ನಾನೂ ತಲೆಯಾಡಿಸಿದೆ. ಜಮಖಂಡಿ, ಮುಧೋಳ, ರಬಕವಿಯ ವರ್ಕ್‌ಶಾಪುಗಳವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಕೈ ಕೆಟ್ಟವನು ಅಂತ ಒಮ್ಮೆ ಹೆಸರು ಬಿದ್ದರೆ ಈ ನಾಲ್ಕೂರಲ್ಲಿ ಯಾರೂ ಅವನನ್ನು ಲೇತಿನ ಹತ್ತಿರ ಬಿಡುವುದಿಲ್ಲ.

ಬೆಳಗಿನ ಕ್ರಮ ಹೀಗಿತ್ತು. ಅವನು ಮೊದಲ ಪೀಸ್ ಮಾಡಿ, ಎಣ್ಣೆ ತೊಳೆದು, ಬಿಸಿ ಆರಲು ಬಿಟ್ಟು ನನಗೆ ತಂದುಕೊಡಬೇಕು. ನಾನು ಅಳೆದು, ಇಷ್ಟು ಮೈಕ್ರಾನ್ ಹೆಚ್ಚಾಗಿದೆ, ಇಷ್ಟು ಕಡಿಮೆಯಾಗಿದೆ ಎಂದು ಹೇಳಬೇಕು. ಅದರ ಪ್ರಕಾರ ಅವನು ಲೇತಿನ ಅಂಕಿ ತಿದ್ದಬೇಕು. ಆಮೇಲೆ ಅದೇ ಅಂಕಿಯಲ್ಲಿ ಉಳಿದ ಪೀಸುಗಳು, ಅವನ್ನು ಮತ್ತೆ ಅಳೆಯುವ ಪದ್ಧತಿ ಇರಲಿಲ್ಲ. ಕೆಂಪು ಚೀಟಿ ಬಂದ ಮರುದಿನ ಅವನು ತಂದ ಪೀಸ್ ಹದಿನಾಲ್ಕು ಮೈಕ್ರಾನ್ ಹೆಚ್ಚು ತೋರಿಸಿತು. ನನಗೆ ರೇಗಿತು. ಎಷ್ಟು ಸಲ ಹೇಳಬೇಕು, ಹೇಳಿದ್ದನ್ನು ತಿದ್ದಲು ಬರುವುದಿಲ್ಲವೇ ಎಂದು ನಾಲ್ಕು ಜನರ ಎದುರು ಹರಿಹಾಯ್ದೆ.

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. "ಅಕ್ಕಾರ, ನೀವ್ ಹೇಳಿದಷ್ಟ ತಿದ್ದೇನ್ರಿ. ನಿನ್ನಿ ಕಡಿಮಿ ಐತಿ ಅಂದ್ರಿ, ಹೆಚ್ಚಿಸಿದೆ. ಇವತ್ತ ಹೆಚ್ಚಾಗೈತಿ ಅಂತೀರಿ. ನಾ ಯಾವ ಮಾತ ಕೇಳ್ಲಿ?"

ಎದುರುತ್ತರ ಅಂತ ನನಗೆ ಮತ್ತಷ್ಟು ಪಿತ್ತ ನೆತ್ತಿಗೇರಿತು. ನಿನ್ನ ಕಣ್ಣೆದುರೇ ತೋರಿಸುತ್ತೇನೆ ಬಾ ಎಂದು ಪರದೆಯ ಮುಂದೆ ನಿಲ್ಲಿಸಿ ಅದೇ ಪೀಸನ್ನು ಇನ್ನೊಮ್ಮೆ ಅಳೆದೆ. ಮೂರು ಮೈಕ್ರಾನ್ ಕಡಿಮೆ ಬಂತು. ಪೀಸು ಇದ್ದಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಮತ್ತೆ ಅಳೆದೆ, ಹನ್ನೊಂದು ಹೆಚ್ಚು.   ಕೆಲಸಕ್ಕೆ ಹೋಗು ಎಂದು ಅವನನ್ನು ಕಳಿಸಿ ಬಾಗಿಲು ಹಾಕಿಕೊಂಡೆ.

ಮೊದಲು ಮಸೂರ ಒರೆಸಿದೆ. ನಮ್ಮ ಓಣಿಯ ಗಾಳಿಯಲ್ಲಿ ಹತ್ತಿಯ ಎಳೆ ಸದಾ ಹಾರಾಡುತ್ತಿರುತ್ತದೆ, ಅದೇ ಅಂಚಿಗೆ ಅಂಟಿ ಮೋಸ ಮಾಡುತ್ತಿದೆ ಅಂದುಕೊಂಡೆ. ಗಾಜಿನ ಮೇಜು ಒರೆಸಿದೆ, ಕೆಳಗಿನ ಬೆಳಕನ್ನು ಏರಿಸಿ ಇಳಿಸಿ ನೋಡಿದೆ. ಸ್ಪೂಲ್ ಉರುಳದಂತೆ ಹಿಡಿಯುವ ಕಬ್ಬಿಣದ ಗಟ್ಟಿ ಅಲ್ಲಾಡುತ್ತದೇನೋ ಎಂದು ಬಿಗಿ ಮಾಡಿದೆ. ಕೋಣೆ ಕಾದು ಉಕ್ಕು ಹಿಗ್ಗಿತೇ ಎಂದು ಏಸಿ ಹಾಕಿ ಅರ್ಧ ದಿನ ಕಾದೆ. ಕೊನೆಗೆ ಎಂಜಿನಿಯರ್ ಬಳಸಿದಂಥದೇ ಗಾಜಿನ ಪಟ್ಟಿ ತೆಗೆದೆ. ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ಪಟ್ಟಿ, ಅದರ ಮೇಲಿನ ಗೆರೆಗಳು ಹಿಗ್ಗುವವೂ ಅಲ್ಲ, ಕುಗ್ಗುವವೂ ಅಲ್ಲ. ಅದೂ ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು ಹೇಳಿತು. ಅಲ್ಲಿಗೆ ತಪ್ಪು ಸೆಟ್ಟರನದಲ್ಲ, ನನ್ನ ಕೋಣೆಯದು ಎಂದು ಖಚಿತವಾಯಿತು. 

ಮಾಲೀಕರಿಗೆ ಹೇಳಿದರೆ ಅವರು ಗೋಡೆಯ ಸರ್ಟಿಫಿಕೇಟ್ ತೋರಿಸಿದರು. ಅಷ್ಟು ಓದಿದ ಎಂಜಿನಿಯರ್ ಸುಳ್ಳು ಬರೆದುಕೊಟ್ಟನೇ ಎಂದು ಕೇಳಿದರು. 

ಆ ಮಧ್ಯಾಹ್ನ ಕರೆಂಟು ಹೋಯಿತು. ಲೇತು ನಿಂತಿತು. ಅಳತೆ ಯಂತ್ರಕ್ಕೆ ಮಾತ್ರ ಬ್ಯಾಟರಿ ಇತ್ತು. ಕೈ ಸುಮ್ಮನಿರದೆ ಅದೇ ಸ್ಪೂಲನ್ನು ಮತ್ತೆ ಅಳೆದೆ. ಎರಡು ಹೆಚ್ಚು. ಮತ್ತೆ ಅಳೆದೆ, ಎರಡೇ. ಇನ್ನೊಮ್ಮೆ, ಒಂದು. ಪರದೆಯ ಮೇಲಿನ ನೆರಳು ಗೋಡೆಗೆ ಅಂಟಿಸಿದ ಚಿತ್ರದಂತೆ ಅಲುಗದೆ ನಿಂತಿತ್ತು. ಕುರ್ಚಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು. ಕರೆಂಟು ಹೋದಾಗ ಸರಿ, ಬಂದಾಗ ತಪ್ಪು. ಅಂದರೆ ಕರೆಂಟಿನದೇ ದೋಷ. ಇಷ್ಟು ಸುಲಭದ ಲೆಕ್ಕ ಹೊಳೆಯದೆ ಒದ್ದಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಲೆಕ್ಕ ಸುಲಭವಿತ್ತು, ಸರಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಹೊಸ ಅರ್ತಿಂಗ್ ಮಾಡಿದ. ಸ್ಟೆಬಿಲೈಜರ್ ಬಂತು. ಮರುದಿನ ಬೆಳಿಗ್ಗೆ ಅಳೆದರೆ ಹದಿಮೂರು ಕಡಿಮೆ, ಒಂಬತ್ತು ಹೆಚ್ಚು, ಐದು ಕಡಿಮೆ. ವಯರನ್ನೇ ಕಿತ್ತು ಬರೀ ಬ್ಯಾಟರಿಯ ಮೇಲೆ ಓಡಿಸಿದೆ. ಆಗಲೂ ಅದೇ ಹಾಡು. ಎಲೆಕ್ಟ್ರಿಷಿಯನ್ ನನ್ನನ್ನು ಕನಿಕರದಿಂದ ನೋಡಿ ಸಾಮಾನು ಕಟ್ಟಿಕೊಂಡ. ಅಷ್ಟರಲ್ಲಿ ಬೆಳಗಾವಿಯಿಂದ ಫೋನ್ ಬಂದಿತ್ತು. ಅವರ ತಪಾಸಣೆಯವರು ಶುಕ್ರವಾರ ಖುದ್ದಾಗಿ ಬರುತ್ತಾರೆ, ಪೀಸು ಯಾಕೆ ಕೆಟ್ಟವು ಎಂದು ಕಾರಣ ಹೇಳಬೇಕು. ಮಾಲೀಕರ ಹತ್ತಿರ ಕಾರಣ ತಯಾರಿತ್ತು, ಲೇತಿನ ಮುಂದೆ ತಲೆ ತಗ್ಗಿಸಿ ನಿಂತಿತ್ತು.

ಬೇರೆ ದಾರಿ ಕಾಣದೆ ಬೆಂಗಳೂರಿನ ಎಂಜಿನಿಯರಿಗೆ ಫೋನ್ ಹಚ್ಚಿದೆ. ಮಾಡಿದ್ದನ್ನೆಲ್ಲ ಒಂದೊಂದಾಗಿ ವರದಿ ಒಪ್ಪಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ನಡುವೆ ಎರಡು ಮೂರು ಸಲ, ಸ್ವಲ್ಪ ಜೋರಾಗಿ ಹೇಳಿ ಅಂದ. ಕೊನೆಗೆ ಕೇಳಿದ.

"ಮೇಡಂ, ಸ್ವಲ್ಪ ಒಳಗೆ ಹೋಗಿ ಮಾತಾಡ್ತೀರಾ? ಹಿಂದೆ ತುಂಬಾ ಶಬ್ದ ಬರ್ತಾ ಇದೆ."

"ನಾ ಒಳಗ ಇದ್ದೇನ್ರಿ. ಅಳತಿ ಕೋಣ್ಯಾಗ, ಬಾಗಲಾ ಹಾಕ್ಕೊಂಡ. ಇಲ್ಲೇನೂ ಸಪ್ಪಳಿಲ್ಲ."

"ಇಲ್ಲ ಅಂದ್ರೆ ಹೇಗೆ? ಟಕಾ ಟಕಾ ಅಂತ ಒಂದೇ ಸಮ ಹೊಡೀತಿದೆಯಲ್ಲ. ನಾನು ಬಂದ ದಿನ ಇದು ಇರಲಿಲ್ಲ."

ಫೋನನ್ನು ಕಿವಿಯಿಂದ ತೆಗೆದೆ. ಏನೂ ಇರಲಿಲ್ಲ. ಆಮೇಲೆ, ಮೊದಲ ಸಲ ಕೇಳುವವಳಂತೆ, ಕೇಳಿಸಿತು. ಗೋಡೆಯಾಚೆ ಕಾಕಾನ ಮಗ್ಗಗಳು. ಬೆಳಗಾದರೆ ಶುರುವಾಗುವ ಸಪ್ಪಳ, ನಾನು ತೊಟ್ಟಿಲಲ್ಲಿದ್ದಾಗಿನಿಂದ ಇರುವ ಸಪ್ಪಳ. ನಮ್ಮ ಓಣಿಯ ಕೂಸುಗಳು ಮಗ್ಗ ನಿಂತರೆ ಎದ್ದು ಅಳುತ್ತವೆ, ನಡೆದರೆ ಮಲಗುತ್ತವೆ. ನಮ್ಮ ಕಿವಿಗೆ ಅದು ಸಪ್ಪಳವೇ ಅಲ್ಲ. ಅಂಗೈಯನ್ನು ಗ್ರಾನೈಟ್ ಕಲ್ಲಿನ ಮೇಲಿಟ್ಟೆ. ಕಲ್ಲು ಸಣ್ಣಗೆ ಮಿಡಿಯುತ್ತಿತ್ತು. ಕರೆಂಟು ಹೋದಾಗ ನಿಂತದ್ದು ಕರೆಂಟಷ್ಟೇ ಅಲ್ಲ, ಮಗ್ಗಗಳೂ ನಿಂತಿದ್ದವು. ಯಂತ್ರ ಕೂರಿಸಿದ್ದು ಅಮಾವಾಸ್ಯೆಯ ಸೂಟಿಯ ದಿನ. ಆಮೇಲೆ ಕರೆ ಮಾಡುತ್ತೇನೆ ಎಂದು ಎಂಜಿನಿಯರಿಗೆ ಹೇಳಿ ಕಾಕಾನ ಶೆಡ್ಡಿಗೆ ಓಡಿದೆ.

ಕಾಕಾ ಬಾಗಿಲ ಬಳಿ ಕೂತು ನೂಲಿನ ಕಟ್ಟು ಎಣಿಸುತ್ತಿದ್ದರು. ನಮ್ಮವ್ವ ವರ್ಷಗಟ್ಟಲೆ ಆ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿದವಳು, ಆ ಸಲಿಗೆಯಲ್ಲಿ ನೇರವಾಗಿ ಕೇಳಿದೆ. ಎಲ್ಲ ಮಗ್ಗಗಳನ್ನೂ ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ ಎಂದು. ಅವರು ಎಣಿಸುವುದನ್ನು ಬಿಟ್ಟು ನನ್ನ ಮುಖ ನೋಡಿದರು.

"ಕರೆಂಟ್ ಇದ್ದಾಗ ಮಗ್ಗ ನಿಂದ್ರಸು ಅಂತೀಯಲ್ಲ ಯವ್ವಾ. ಹಂಗ ಅನಬಾರದು."

ಯಾಕೆ ಅನ್ನಬಾರದು ಎಂದು ನನಗೂ ಗೊತ್ತಿತ್ತು. ಕರೆಂಟಿದ್ದು, ಊಟದ ಹೊತ್ತೂ ಅಲ್ಲದೆ ಓಣಿಯಲ್ಲಿ ಒಂದು ಶೆಡ್ಡು ಪೂರ್ತಿ ನಿಂತಿತು ಅಂದರೆ ಯಾರೋ ತೀರಿಕೊಂಡಿದ್ದಾರೆ ಅಂತಲೇ ಅರ್ಥ. ಆದರೂ ಬೇಡಿಕೊಂಡೆ. ಬೀಳಗಿಯ ಹುಡುಗನ ಕೆಲಸ ಹೋಗುವ ವಿಷಯ ಹೇಳಿದೆ. ಕಾಕಾ ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿದರು. ನೇಯ್ದ ಬಟ್ಟೆಯ ಮಾರಿನ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರರು ನನ್ನನ್ನು ಕೆಕ್ಕರಿಸಿ ನೋಡಿದರು, ಅವರ ಸಿಟ್ಟು ನ್ಯಾಯವಾದದ್ದೇ.

ನಾನು ಹೋಗುವಾಗಲೇ ಊಟದ ತಾಟಿಗೆ ನೀರು ಹಾಕಿ ಅಳತೆ ಯಂತ್ರದ ಕಲ್ಲಿನ ಮೇಲೆ ಇಟ್ಟಿದ್ದೆ. ನೀರಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದು ಹಾವಿನ ಹಾಗೆ ಹೊರಳಾಡುತ್ತಿತ್ತು. ವಾಪಸ್ ಬಂದು ನೋಡಿದರೆ ಅದು ನೆಟ್ಟಗೆ, ನಿಶ್ಚಲ. ಸ್ಪೂಲ್ ಅಳೆದೆ. ಎರಡು, ಎರಡು, ಒಂದು, ಎರಡು. ಕಣ್ಣಲ್ಲಿ ನೀರು ಬಂತು. ಹೊರಗೆ ಬಂದರೆ ಓಣಿಯ ಹೆಂಗಸರು ಸೆರಗು ಹೊದ್ದು ಹೊಸ್ತಿಲಿಗೆ ಬಂದು ನಿಂತಿದ್ದರು. ಎದುರು ಮನೆಯ ಅಜ್ಜಿ ಗೋಡೆ ಹಿಡಿದು ಕೆಳಗಿಳಿದು ಬಂದಿದ್ದಳು.

"ಯಾರ್ ಹೋದ್ರವ್ವಾ?" ಎಂದು ಕೇಳಿದಳು.

ಯಾರೂ ಇಲ್ಲ ಅಜ್ಜಿ ಎಂದೆ. ಅವಳು ನಂಬಲಿಲ್ಲ, ಕಾಕಾ ಹೊರಗೆ ಬಂದು ಮುಖ ತೋರಿಸುವ ತನಕ ಅಲ್ಲೇ ನಿಂತಿದ್ದಳು.

ಮಗ್ಗ ಮತ್ತೆ ಶುರುವಾದ ಮೇಲೆ ಕೂತು ಲೆಕ್ಕ ಹಾಕಿದಾಗ ನಿಜವಾದ ಸಂಕಟ ಶುರುವಾಯಿತು. ಬೆಳಗಾವಿಯವರು ವಾಪಸ್ ಕಳಿಸಿದ ಪೀಸುಗಳು ಖಂಡಿತ ಕೆಟ್ಟವೇ. ಆದರೆ ಕೆಟ್ಟದ್ದು ಹೇಗೆ? ಆ ಪೆಟ್ಟಿಗೆ ತಯಾರಾದ ದಿನವೂ ಸೆಟ್ಟರ್ ತಂದ ಮೊದಲ ಪೀಸ್ ಸರಿಯಾಗಿಯೇ ಇತ್ತು. ನಡುಗುವ ಕ್ಯಾಮೆರಾ ಅದನ್ನೂ ಹೀಗೇ ಹದಿನಾಲ್ಕು ಹೆಚ್ಚೆಂದು ತೋರಿಸಿತ್ತು. ನಾನು ಕಡಿಮೆ ಮಾಡು ಎಂದೆ, ಅವನು ಮಾಡಿದ, ಅಲ್ಲಿಂದ ಮುಂದಿನವೆಲ್ಲ ಹದಿನಾಲ್ಕು ಕಡಿಮೆಯಾಗಿಯೇ ಹುಟ್ಟಿದವು. ಸರಿ ಇದ್ದ ಕೈಯನ್ನು ಹಿಡಿದು ತಪ್ಪು ಬರೆಸಿದ್ದು ನನ್ನ ಪರದೆ. ಸೆಟ್ಟರನನ್ನು ಕರೆದು ತಾಟಿನ ನೀರು ತೋರಿಸಿ ಎಲ್ಲ ಹೇಳಿದೆ.  ಹಾಗಿದ್ದರೆ ಮಾಲೀಕರಿಗೆ ಹೇಳಿರಿ ಎಂದಷ್ಟೇ ಅಂದು ಅವನು ಹೋದ.

ಹೇಳಿದೆ. ಮಾಲೀಕರು ಈ ಸಲ ಸರ್ಟಿಫಿಕೇಟ್ ತೋರಿಸಲಿಲ್ಲ. ತಾಟಿನಲ್ಲಿ ಬೆರಳದ್ದಿ ನೋಡಿದರು, ನನ್ನ ಮಾತು ನಿಜವೆಂದು ಒಪ್ಪಿದರು. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು.

"ತಂಗಿ, ಅಳತಿನ ಸುಳ್ಳು ಅಂದ್ರ, ಯಂತ್ರ ಬಂದಾಗಿಂದ ಕಳಿಸಿದ್ದೆಲ್ಲಾ ಸುಳ್ಳಾಗ್ತೈತಿ. ಆರ್ಡರ್ ಹೋಗ್ತೈತಿ. ಇಲ್ಲಿ ಇಷ್ಟ್ ಮಂದಿ ಅನ್ನಾ ತಿನ್ನಾಕತ್ತೇವಿ. ಒಬ್ಬ ಹೋದ್ರ ಎಲ್ಲಾರೂ ಉಳೀತೀವಿ. ಅವರನ್ನ ಊಟದ ಹೊತ್ತಿಗೆ ಕರಕೊಂಡ ಬರ್ತೇನಿ, ಮಗ್ಗ ನಿಂತಿರ್ತಾವ. ನೀ ಅಳದ ತೋರ್ಸು ಸಾಕು. ಕೋಣಿ ಆಮ್ಯಾಲ ಬದಲಿ ಮಾಡೂಣು."

ಕೆಟ್ಟ ಮನುಷ್ಯ ಆಡುವ ಮಾತಾಗಿದ್ದರೆ ಸುಲಭವಿತ್ತು. ಅವರು ಕೆಟ್ಟವರಲ್ಲ. ಅನ್ನ ತಿನ್ನುವವರಲ್ಲಿ ನಾನೂ ಒಬ್ಬಳು. ಆಗಲಿ ಎಂದೂ ಅನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಶುಕ್ರವಾರದ ತನಕ ಸೆಟ್ಟರನ ಕಣ್ಣಿಗೆ ಬೀಳದಂತೆ ಓಡಾಡಿದೆ. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಶುಕ್ರವಾರ ತಪಾಸಣೆಯವರನ್ನು ಮಾಲೀಕರು ಸರಿಯಾಗಿ ಊಟದ ಹೊತ್ತಿಗೇ ಒಳಗೆ ಕರೆತಂದರು. ನರೆತ ಕೂದಲಿನ, ಮೆಲುದನಿಯ ಮನುಷ್ಯ. ಗೋಡೆಯಾಚೆ ಸದ್ದಿರಲಿಲ್ಲ, ನೇಕಾರರು ಮನೆಗೆ ಹೋಗಿದ್ದರು. ವಾಪಸ್ ಬಂದ ಪೆಟ್ಟಿಗೆಯಿಂದ ಒಂದು ಸ್ಪೂಲ್ ತೆಗೆದು ಅಳೆದೆ. ಹದಿನಾಲ್ಕು ಕಡಿಮೆ. ಮತ್ತೆ ಅಳೆದರೂ ಹದಿನಾಲ್ಕೇ. ನಿಮ್ಮ ಯಂತ್ರ ಚೆನ್ನಾಗಿದೆ ಎಂದು ಅವರು ಮೆಚ್ಚಿಕೊಂಡರು. ಮಾಲೀಕರು ಸೆಟ್ಟರನನ್ನು ಕರೆಸಿ ಬಾಗಿಲಲ್ಲಿ ನಿಲ್ಲಿಸಿದರು.

"ಇವನ ಕೈ ಕೆಟ್ಟೈತ್ರಿ ಸರ. ನಾಳಿಂದ ಬ್ಯಾರೆ ಮನಷ್ಯಾ ಬರ್ತಾನ."

ಸೆಟ್ಟರ್ ಮಾಲೀಕರನ್ನು ನೋಡಲಿಲ್ಲ, ಬಂದವರನ್ನೂ ನೋಡಲಿಲ್ಲ. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಾನು ಏನು ಮಾಡುತ್ತೇನೆ ಎಂದು ಕಾಯುತ್ತಿದ್ದ, ಅಷ್ಟೆ. ತಪಾಸಣೆಯವರು ಪೆನ್ನು ಜೇಬಿಗೆ ಸಿಕ್ಕಿಸಿ ಏಳುವುದರಲ್ಲಿದ್ದರು. 

"ಸರ, ಇನ್ನೊಂದ ಸ್ವಲ್ಪ ಕೂಡ್ರಿ. ಬಾಜೂಕ ಮಗ್ಗ ಚಾಲೂ ಆಗ್ಲಿ. ಇದನ್ನ ಮತ್ತ ಅಳದ ತೋರಸ್ತೇನಿ."

ಮಾಲೀಕರು ನನ್ನ ಹೆಸರು ಹಿಡಿದು ಕರೆದರು.  ತಪಾಸಣೆಯವರು ನಮ್ಮ ಮೂವರ ಮುಖವನ್ನೂ ನೋಡಿ ಮತ್ತೆ ಕುರ್ಚಿಯಲ್ಲಿ ಕೂತರು.  ತಾಟಿಗೆ ನೀರು ಹಾಕಿ ಕಲ್ಲಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಒಂದು ಮಗ್ಗ ಶುರುವಾಯಿತು, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ನೀರಿನಲ್ಲಿ ಬೆಳಕು ಹೊರಳತೊಡಗಿತು. ಅಳೆದೆ. ಹದಿನಾಲ್ಕಿದ್ದದ್ದು ಎರಡಾಯಿತು, ಇಪ್ಪತ್ತಾಯಿತು, ಏಳಾಯಿತು. ಅವರು ಯಾವಾಗಿನಿಂದ ಹೀಗೆ ಎಂದು ಕೇಳಿದರು. ಯಂತ್ರ ಬಂದಾಗಿನಿಂದ ಎಂದೆ. ಇವನು ನಾನು ಹೇಳಿದ್ದನ್ನೇ ತಿದ್ದಿದ್ದಾನೆ, ಕೈ ಸರಿಯಾಗಿದೆ ಎಂದೂ ಹೇಳಿದೆ.

ಆಮೇಲಿನದು ಮಾಲೀಕರು ಹೆದರಿದಂತೆಯೇ ಆಯಿತು. ನಮ್ಮ ಹಳೆಯ ಸ್ಪೂಲುಗಳನ್ನೆಲ್ಲ ಬೆಳಗಾವಿಯಲ್ಲಿ ಬೇರೆಯಾಗಿ ಇಟ್ಟು ಮತ್ತೆ ಅಳೆಯಲು ಶುರು ಮಾಡಿದರು. ಅಳತೆ ಕೋಣೆ ಸರಿಯಾಗುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದರು. ಲೇತಿಗೆ ಗೋಣಿತಟ್ಟು ಹೊದಿಸಿದೆವು. ಕೆಲಸವೇ ಇಲ್ಲದ ಮೇಲೆ ಸೆಟ್ಟರನಿಗೆ ಏನು ಕೊಡುವುದು? ಕೆಲಸ ಬಂದಾಗ ಕರೆಯುತ್ತೇನೆ ಎಂದರು ಮಾಲೀಕರು. ಅವನು ಶನಿವಾರ ಮರ್ಯಾದೆಯಿಂದಲೇ ಹೊರಟ, ಕೈ ಕೆಟ್ಟವನಾಗಿ ಅಲ್ಲ. ಬಸ್ ಸ್ಟ್ಯಾಂಡಿನ ತನಕ ಹೋದೆ. ಹೆಸರು ಉಳಿಸಿದಿರಿ ಅಕ್ಕಾರ, ಕೆಲಸದ್ದು ನೋಡೋಣ ಎಂದ. ನಗಲಿಲ್ಲ. ಮುಂದೆ ಲೇತಿನ ಕೆಲಸ ಎಲ್ಲೂ ಖಾಲಿ ಸಿಗದೆ ಮುಧೋಳದ ಕಡೆ ಯಾವುದೋ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಸೇರಿದನೆಂದು ಕೇಳಿ ಬಹಳ ಕೆಟ್ಟದೆನಿಸಿತು. ಮೈಕ್ರಾನಿನ ಕೈಗೆ ಸುತ್ತಿಗೆ.

ಮಾಲೀಕರು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಆದರೂ ಜಮಖಂಡಿ ರಸ್ತೆಯಲ್ಲಿ, ಊರು ಮುಗಿದ ಮೇಲೆ, ಲೇತನ್ನು ಓಣಿಯಲ್ಲೇ ಬಿಟ್ಟು, ಅಳತೆ ಯಂತ್ರಕ್ಕೆಂದು ಹೊಲದ ದಂಡೆಯ ಒಂದು ಖೋಲಿ ಬಾಡಿಗೆ ಹಿಡಿದರು. ನೆಲ ಒಡೆದು, ಉಳಿದ ನೆಲಕ್ಕೆ ತಾಗದಂತೆ ಕಾಂಕ್ರೀಟಿನ ಕಟ್ಟೆ ಹಾಕಿಸಿ, ಸುತ್ತ ಉಸುಕು ತುಂಬಿಸಿ, ರಬ್ಬರಿನ ಮೆತ್ತೆಗಳ ಮೇಲೆ ಯಂತ್ರ ಕೂರಿಸಿದೆವು. ಈ ಸಲ ಅಮಾವಾಸ್ಯೆಗೆ ಕಾಯಲಿಲ್ಲ, ಊರಿನ ಮಗ್ಗಗಳೆಲ್ಲ ನಡೆಯುತ್ತಿರುವ ದಿನವನ್ನೇ ನಾನು ಹಟ ಹಿಡಿದು ಆರಿಸಿದೆ. ತಾಟಿನ ನೀರು ಅಲುಗಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಾದುಹೋದಾಗ ಮಾತ್ರ ಒಮ್ಮೆ ನಡುಗಿ ಸುಮ್ಮನಾಗುತ್ತದೆ, ಆಗ ಕೈ ಎತ್ತಿ ಕಾಯುತ್ತೇನೆ. ಬೆಳಗಾವಿಯವರು ಬಂದು ನೋಡಿ ಪರೀಕ್ಷೆಗೆಂದು ಸ್ವಲ್ಪ ಕೆಲಸ ಕೊಟ್ಟರು. ಲೇತಿನ ಗೋಣಿತಟ್ಟು ತೆಗೆದ ದಿನ ಮಾಲೀಕರೇ, ಆ ಬೀಳಗಿಯವನಿಗೆ ಫೋನ್ ಮಾಡು ಎಂದರು.

ಮಾಡಿದೆ. ಎಲ್ಲ ಸರಿಯಾಗಿದೆ, ಕೋಣೆ ಬದಲಾಗಿದೆ, ಇಲ್ಲಿ ಮಗ್ಗದ ಹೊಡೆತವಿಲ್ಲ, ಸೋಮವಾರ ಬಾ ಎಂದು ಒಂದೇ ಉಸಿರಿಗೆ ಹೇಳಿದೆ. ಆಚೆ ಕಡೆ ಸುತ್ತಿಗೆಯ ಸದ್ದು ನಿಂತಿತು.

"ಅಕ್ಕಾರ, ನಿಮಗ ಸಪ್ಪಳ ಕೇಳಸೂದಿಲ್ಲ," ಎಂದ ಅವನು. ಒರಟಾಗಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. "ಫೋನ್ ಸ್ವಲ್ಪ ಕಲ್ಲಿನ ಮ್ಯಾಲ ಇಡ್ರಿ. ನಾ ಕೇಳ್ತೇನಿ."

ಇಟ್ಟೆ. ಗ್ರಾನೈಟಿನ ಮೇಲೆ ಫೋನಿಟ್ಟು, ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತೆ. ಮುಧೋಳದ ಗ್ಯಾರೇಜಿನಲ್ಲಿ ಅವನು ನನ್ನ ಕೋಣೆಯನ್ನು ಕೇಳಿಸಿಕೊಳ್ಳುತ್ತಿದ್ದ. ಬರ್ತೇನ್ರಿ ಎಂಬ ಮಾತು ಕಲ್ಲಿನ ಮೇಲಿಂದಲೇ ಸಣ್ಣಗೆ ಬಂತು.

ಸೋಮವಾರ ಬೀಳಗಿಯ ಮೊದಲ ಬಸ್ಸಿಗೇ ಬಂದ. ಮೊದಲ ಪೀಸ್ ಮಾಡಿ, ತೊಳೆದು, ಆರಲು ಬಿಟ್ಟು, ಖೋಲಿಗೆ ತಂದು ಕೊಟ್ಟ. ಮುಂಚಿನಂತೆ ಕೊಟ್ಟು ಹೋಗಲಿಲ್ಲ, ಪರದೆಯ ಮುಂದೆ ನಿಂತ. ಅಳೆದೆ, ಒಂದು ಮೈಕ್ರಾನ್ ಹೆಚ್ಚು. ಅವನು ಕೇಳುವ ಮೊದಲೇ ಎರಡನೆಯ ಸಲ ಅಳೆದೆ, ಒಂದೇ. ಇನ್ನು ನಂಬುತ್ತಾನೆ ಎಂದುಕೊಂಡು ಪೀಸನ್ನು ಎತ್ತಿ ಅವನ ಕೈಗೆ ಕೊಡಲು ಹೋದೆ. ಅವನು ಕೈ ಚಾಚಲಿಲ್ಲ. ಇನ್ನೊಮ್ಮೆ ನೋಡಿರಿ ಎಂದ. ಸ್ಪೂಲನ್ನು ಮತ್ತೆ ಮಲಗಿಸಿ, ಅಂಚು ಹಿಡಿದು, ಮೇಜು ಸರಿಸಿ, ಅಳೆದೆ.